ಆರ್‌ವಿ ಒಂದೇ ಕಡೆ, ನಾವು ಊರೆಲ್ಲಾ: ಅಸ್ಟೋರಿಯಾದಲ್ಲಿ ಒಂದು ದಿನ

ಅಮೆರಿಕದ ಆರೆಗನ್ ಕರಾವಳಿಗೆ ಆರ್‌ವಿಯಲ್ಲಿ, ಅಂದರೆ ಒಳಗೇ ಅಡುಗೆ, ಮಲಗುವ ಜಾಗ ಇರುವ ಮನೆಯಂಥ ಗಾಡಿಯಲ್ಲಿ, ಐದು ದಿನ ಹೋಗಿದ್ದೆವು. ಅದರಲ್ಲಿ ಅಸ್ಟೋರಿಯಾ ಅಂದರೆ ಸುಮ್ನೆ ಮೊದಲ ರಾತ್ರಿ ತಂಗುವ ಜಾಗ ಅಂದುಕೊಂಡಿದ್ದೆ. ಈಗ ಆ ಪ್ರವಾಸದ ಬಗ್ಗೆ ಯಾರು ಕೇಳಿದರೂ ಮೊದಲು ಬಾಯಿಗೆ ಬರುವುದು ಆ ಊರೇ.

ನಾವು ನಾಲ್ಕು ಜನ. ನಾನು, ಹೆಂಡತಿ, ಒಂಬತ್ತು ವರ್ಷದ ಮಗ, ಮತ್ತೆ ಕರಾವಳಿಯ ನಮ್ಮೂರು ಗಂಗೊಳ್ಳಿಯಿಂದ ಬಂದಿದ್ದ ಅಮ್ಮ. ಗಾಡಿ 25 ಅಡಿ ಉದ್ದದ್ದು, ಬಾಡಿಗೆಯದು. ರಾತ್ರಿ ಉಳಿದದ್ದು ಫೋರ್ಟ್ ಸ್ಟೀವನ್ಸ್ ಸ್ಟೇಟ್ ಪಾರ್ಕ್‌ನಲ್ಲಿ, ಊರಿಂದ ಸುಮಾರು ಹತ್ತು ಮೈಲಿ. ಅಲ್ಲಿ ಕರೆಂಟು, ನೀರು ಎರಡೂ ಗಾಡಿಯ ಬಾಗಿಲಿಗೇ ಸಿಗುತ್ತದೆ, ಆದರೆ ಬೇಸಿಗೆಯಲ್ಲಿ ಜಾಗ ಬೇಕೆಂದರೆ ಆರು ತಿಂಗಳು ಮೊದಲೇ ಬುಕ್ ಮಾಡಿಟ್ಟುಕೊಳ್ಳಿ.

ಬೆಳಿಗ್ಗೆ ಹೊರಡುವ ಮೊದಲು ಒಂದು ಕೆಲಸ ಮಾತ್ರ ಮರೆಯಬೇಡಿ. ಹಿಂದಿನ ದಿನ ನಾನು ಫ್ರಿಜ್ ಬಾಗಿಲಿನ ಕೊಂಡಿ ಸರಿಯಾಗಿ ಒತ್ತಿರಲಿಲ್ಲ. ಮೊದಲ ತಿರುವಿನಲ್ಲೇ ಬಾಗಿಲು ತೆರೆದುಕೊಂಡು ಅಮ್ಮ ಹೆಪ್ಪು ಹಾಕಿಟ್ಟಿದ್ದ ಮೊಸರು ಪೂರ್ತಿ ನೆಲಕ್ಕೆ. ಆಮೇಲೆ ಕೆಲಸ ಹಂಚಿಕೊಂಡೆವು. ಒಳಗಿನ ಕೊಂಡಿ, ಕಿಟಕಿ, ಗ್ಯಾಸ್ ಒಲೆ ಎಲ್ಲಾ ಹೆಂಡತಿ ನೋಡುವುದು, ಹೊರಗಿನ ಪೈಪು, ವೈರು, ಮೆಟ್ಟಿಲು ನಾನು. ಇಬ್ಬರೂ "ಆಯ್ತು" ಅಂದ ಮೇಲೇ ಗಾಡಿ ಸ್ಟಾರ್ಟ್.

ಅಸ್ಟೋರಿಯಾ ಕೊಲಂಬಿಯಾ ನದಿ ಸಮುದ್ರ ಸೇರುವ ಕಡೆ ಗುಡ್ಡಕ್ಕೆ ಅಂಟಿಕೊಂಡಿರುವ ಊರು. ನದಿ ಪಕ್ಕದ ರಸ್ತೆಗಳು ಸಮತಟ್ಟು, ಅಲ್ಲಿಂದ ಮೇಲೆ ಹೋದರೆ ಬರೀ ಏರು, ಕಿರಿದು. ಅಲ್ಲಿಗೆಲ್ಲ ಆರ್‌ವಿ ನುಗ್ಗಿಸಲು ಹೋಗಬೇಡಿ, ತಿರುಗಿಸುವಾಗ ಹಿಂಭಾಗ ಎಷ್ಟು ಅಗಲಕ್ಕೆ ಬೀಸುತ್ತದೆ ಅಂತ ಹೊಸಬರಿಗೆ ಅಂದಾಜೇ ಸಿಗುವುದಿಲ್ಲ. ನಾವು ಒಂಬತ್ತೂ ಕಾಲಿಗೇ ಕೊಲಂಬಿಯಾ ರಿವರ್ ಮ್ಯಾರಿಟೈಮ್ ಮ್ಯೂಸಿಯಂ ಹತ್ತಿರ ಉದ್ದ ಗಾಡಿಗೆ ಸಾಕಾಗುವ ಜಾಗ ಹಿಡಿದೆವು. ಸಂಜೆ ತನಕ ಗಾಡಿ ಅಲ್ಲಿಂದ ಅಲುಗಾಡಲಿಲ್ಲ. ಊರ ನಡುವೆ ನಮ್ಮದೇ ಒಂದು ಮನೆ ಇದ್ದ ಹಾಗೆ. ಶೌಚಾಲಯ, ಚಹಾ, ಅಮ್ಮನಿಗೆ ಕಾಲು ಚಾಚಲು ಮಂಚ, ಎಲ್ಲಾ ಅಲ್ಲೇ.

ಮ್ಯೂಸಿಯಂಗೆ ಒಂದು ಗಂಟೆ ಇಟ್ಟಿದ್ದೆ, ಎರಡೂವರೆ ಗಂಟೆ ಹಿಡಿಯಿತು. ಕಾರಣ ಅಮ್ಮ. ಒಳಗೆ ಹೋಗುತ್ತಲೇ ಕೋಸ್ಟ್ ಗಾರ್ಡ್‌ನ 44 ಅಡಿಯ ನಿಜವಾದ ರಕ್ಷಣಾ ದೋಣಿಯೊಂದು ದೊಡ್ಡ ಅಲೆ ಹತ್ತುವ ಹಾಗೆ ಮೂತಿ ಮೇಲೆತ್ತಿಕೊಂಡು ನಿಂತಿದೆ. ಅಮ್ಮ ಅದರ ಮುಂದೆ ನಿಂತವಳು ಕದಲಲಿಲ್ಲ. ನದಿಯ ನೀರು ಸಮುದ್ರದ ಅಲೆಗೆ ಎದುರಾಗುವ ಕಡೆ ಮರಳು ದಿಬ್ಬ ಕಟ್ಟಿಕೊಳ್ಳುತ್ತದೆ, ಅದರ ಮೇಲೆ ಅಲೆ ಒಡೆದು ಹಡಗು ಮಗುಚುತ್ತದೆ, 1792ರಿಂದ ಈಚೆಗೆ ಇಲ್ಲಿ ಸುಮಾರು 2000 ಹಡಗುಗಳು ಹಾಳಾಗಿವೆ ಅಂತ ಅಲ್ಲಿದ್ದದ್ದನ್ನು ನಾನು ಓದಿ ಹೇಳುತ್ತಿದ್ದರೆ ಅವಳು ನಡುವೆಯೇ ತಡೆದಳು. "ಇದ್ ಅಳಿವೆ ಅಲ್ದಾ ಮಗಾ?"

ಹೌದಲ್ವಾ. ನದಿ ಸಮುದ್ರ ಸೇರುವ ಬಾಯಿಗೆ ನಮ್ಮ ಕಡೆ ಅಳಿವೆ ಅಂತಲೇ ಹೇಳುವುದು. ಅಪ್ಪ ದೋಣಿಗೆ ಹೋಗುತ್ತಿದ್ದವರು. ಮಳೆಗಾಲ ಕಳೆದು ಮೊದಲ ಸಲ ದೋಣಿ ಇಳಿದ ದಿನ ಗಂಗೊಳ್ಳಿಯ ಅಳಿವೆ ದಾಟಿ ಒಳಗೆ ಬಂದರು ಅಂತ ಸುದ್ದಿ ಬರುವ ತನಕ ಅಮ್ಮ ಊಟ ಮಾಡುತ್ತಿರಲಿಲ್ಲ. ನಾನು ಎಷ್ಟೋ ಕಡೆ ಈ ಜಾಗದ ಬಗ್ಗೆ ಓದಿಕೊಂಡು ಹೋಗಿದ್ದೆ, ನಮ್ಮೂರಿನ ಆ ಒಂದು ಪದ ಮಾತ್ರ ಹೊಳೆದಿರಲಿಲ್ಲ. ಇಲ್ಲಿ ದೊಡ್ಡ ಹಡಗುಗಳನ್ನು ಅಳಿವೆ ದಾಟಿಸಲು ಬಾರ್ ಪೈಲಟ್ ಅಂತ ಪ್ರತ್ಯೇಕ ಜನ ಇದ್ದಾರೆ. ಸಣ್ಣ ದೋಣಿಯಲ್ಲಿ ಇಲ್ಲವೇ ಹೆಲಿಕಾಪ್ಟರ್‌ನಲ್ಲಿ ಹೋಗಿ, ತೊನೆದಾಡುವ ಹಡಗಿಗೆ ಹತ್ತುತ್ತಾರೆ. ಅದರ ವಿಡಿಯೋವನ್ನು ಅಮ್ಮ ಎರಡು ಸಲ ನೋಡಿದಳು. ಊರಲ್ಲಿ 1886ರ ಫ್ಲಾವೆಲ್ ಹೌಸ್ ಅಂತ ಚಂದದ ಬಂಗಲೆ ಇದೆ, ಅದನ್ನು ಕಟ್ಟಿಸಿದ ಜಾರ್ಜ್ ಫ್ಲಾವೆಲ್ ಕೂಡ ಇದೇ ಕೆಲಸದಿಂದ ಮೇಲೆ ಬಂದವರು. ಅದನ್ನು ಹೊರಗಿಂದ ಮಾತ್ರ ನೋಡಿದೆವು.

ಊಟ ಅಲ್ಲೇ ಎದುರಿನ ಬೋಪಿಕ್ಕರ್‌ನಲ್ಲಿ. ಹಳೇ ಮೀನುಗಾರಿಕೆ ದೋಣಿಯನ್ನೇ ಅಂಗಡಿ ಮಾಡಿದ್ದಾರೆ. ಟೂನಾ ಮೀನನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಆಲೂ ಫ್ರೈಸ್ ಜೊತೆ ಕೊಡುತ್ತಾರೆ. ಸಾಲು ಉದ್ದ, ಕೈಯಲ್ಲಿ ನಗದು ಇರಲಿ. ಗಾಡಿಗೆ ತಂದು, ಬೆಳಿಗ್ಗೆ ಮಾಡಿಟ್ಟಿದ್ದ ಅನ್ನ, ಸಾರು, ಮಾವಿನ ಮಿಡಿ ಉಪ್ಪಿನಕಾಯಿ ಜೊತೆ ತಿಂದೆವು. ಚೆನ್ನಾಗಿತ್ತು.

ಮಧ್ಯಾಹ್ನ ಅಮ್ಮ, ಹೆಂಡತಿ ಗಾಡಿಯಲ್ಲಿ ಮಲಗಿದರು. ನಾನು ಮಗ ಗುಡ್ಡ ಹತ್ತಿದೆವು. ಕಾಡಿನ ದಾರಿ, ಕೆಥೀಡ್ರಲ್ ಟ್ರೀ ಟ್ರೇಲ್ ಅಂತ ಹೆಸರು, ನಡುವೆ ಒಂದು ಭಾರೀ ಹಳೇ ಸ್ಪ್ರೂಸ್ ಮರ. ತುದಿಯಲ್ಲಿ 1926ರಲ್ಲಿ ಕಟ್ಟಿದ ಅಸ್ಟೋರಿಯಾ ಕಾಲಮ್, 125 ಅಡಿ ಎತ್ತರ, ಹೊರಗೋಡೆಗೆ ಸುತ್ತಿಕೊಂಡು ಮೇಲೇರುವ ಚಿತ್ರಗಳಲ್ಲಿ ಆ ಸೀಮೆಯ ಇತಿಹಾಸ. ಒಳಗೆ 164 ಮೆಟ್ಟಿಲು. ನಾವು ಹೋದಾಗ ಕೆಳಗಿನ ಅಂಗಡಿಯಲ್ಲಿ ಹಗುರ ಮರದ ಪುಟ್ಟ ವಿಮಾನ ಮಾರುತ್ತಿದ್ದರು, ಮೇಲಿಂದ ಹಾರಿಸಲು. ಮಗನದ್ದು ಗಾಳಿಯಲ್ಲಿ ಮೂರು ಸುತ್ತು ಹಾಕಿ ಮರಗಳ ಕಡೆ ಇಳಿಯಿತು. ಅಲ್ಲಿಂದ ನದಿ, ಸಮುದ್ರ, 4.1 ಮೈಲಿ ಉದ್ದದ ಸೇತುವೆ ಎಲ್ಲಾ ಒಟ್ಟಿಗೆ ಕಾಣುತ್ತದೆ. ಮೋಡ ಇದ್ದರೆ ಹತ್ತಬೇಡಿ, ಬಿಸಿಲು ಬಂದ ಮೇಲೆ ಹೋಗಿ.

ನಾಲ್ಕಕ್ಕೆ ನಾಲ್ವರೂ ಟ್ರಾಲಿ ಹತ್ತಿದೆವು. ನದಿ ದಡದ ಹಳೇ ರೈಲು ಹಳಿ ಮೇಲೆ ಓಡುವ 1913ರ ಟ್ರಾಲಿ, ನಾವು ಹೋದಾಗ ತಲೆಗೆ ಒಂದು ಡಾಲರ್. ವರ್ಷವಿಡೀ ಓಡುವುದಿಲ್ಲ, ಹೋಗುವ ಮೊದಲು ವಿಚಾರಿಸಿಕೊಳ್ಳಿ. ಸೇತುವೆ ಹತ್ತಿರ ಇಳಿದು ನದಿ ದಡದ ಸ್ಮಾರಕ ಪಾರ್ಕ್‌ಗೆ ಹೋದೆವು, ನಾನು ನೋಡಲೇಬೇಕು ಅಂದುಕೊಂಡಿದ್ದ ಫಲಕಕ್ಕಾಗಿ. ಭಾರತದ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಗದರ್ ಪಕ್ಷ ಹುಟ್ಟಿದ್ದು ಈ ಸಣ್ಣ ಊರಲ್ಲಿ, ಅದೂ 1913ರಲ್ಲೇ. ಇಲ್ಲಿನ ಹ್ಯಾಮಂಡ್ ಮರದ ಮಿಲ್‌ನಲ್ಲಿ ಪಂಜಾಬಿನಿಂದ ಬಂದವರು ದುಡಿಯುತ್ತಿದ್ದರು. 1907ರಲ್ಲಿ ಪಕ್ಕದ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಬಿಳಿಯರ ಗುಂಪು ಇಂಥವರನ್ನೇ ಹೊಡೆದು ಊರು ಬಿಡಿಸಿತ್ತು. ಇಲ್ಲಿ ಫಿನ್ಲೆಂಡ್‌ನಿಂದ ಬಂದ ಕೂಲಿಗಳ ಸಮಾಜವಾದಿ ಸಭಾಂಗಣದಲ್ಲಿ ಸಭೆ ಸೇರಿ, ಬ್ರಿಟಿಷರನ್ನು ಓಡಿಸಬೇಕು ಅಂತ ಪಕ್ಷ ಕಟ್ಟಿದರು. ಸೋಹನ್ ಸಿಂಗ್ ಭಕ್ನಾ ಅಧ್ಯಕ್ಷರು, ಲಾಲಾ ಹರ್ ದಯಾಳ್ ಕಾರ್ಯದರ್ಶಿ. ಅದೇ ವರ್ಷ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಅವರ ಪತ್ರಿಕೆ ಹೊರಟಿತು. ಮಗನಿಗೆ ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ದಿನವಿಡೀ ಮರ ಕೊಯ್ದು ಸಂಜೆ ಸ್ವಾತಂತ್ರ್ಯದ ಮಾತಾಡುತ್ತಿದ್ದ ಆ ಜನರ ಬಗ್ಗೆ ನಮ್ಮ ಶಾಲೆಯ ಪಾಠದಲ್ಲಿ ಒಂದೆರಡು ಸಾಲು ಇತ್ತು, ಅಷ್ಟೇ.

ಐದೂವರೆಗೆ ಹೊರಟೆವು, ಕತ್ತಲಾಗುವ ಮೊದಲು ಗಾಡಿ ಸಮತಟ್ಟು ಮಾಡಿ ಪೈಪು ಹಾಕಬೇಕಲ್ಲ. ಆ ಕೆಲಸ ಮುಗಿಸಿ ಪಾರ್ಕ್‌ನೊಳಗಿನ ಕಡಲ ದಡಕ್ಕೆ ಹೋದೆವು. 1906ರಲ್ಲಿ ಮರಳಿಗೆ ಸಿಕ್ಕಿಬಿದ್ದ ಪೀಟರ್ ಐರಡೇಲ್ ಹಡಗಿನ ಅಸ್ಥಿಪಂಜರ ಇನ್ನೂ ಅಲ್ಲೇ ನಿಂತಿದೆ. ಮಗ ಓಡಿ ಹೋದ. ಅಮ್ಮ ದೂರದಲ್ಲೇ ನಿಂತು, ಅದರಲ್ಲಿದ್ದವರು ಏನಾದರು ಅಂತ ಕೇಳಿದಳು. ಒಬ್ಬರೂ ಸಾಯಲಿಲ್ಲ, ಎಲ್ಲರೂ ದಡ ಸೇರಿದರು ಅಂದೆ. ಆಮೇಲೇ ಅವಳು ಹತ್ತಿರ ಹೋಗಿ ಆ ತುಕ್ಕು ಹಿಡಿದ ಕಬ್ಬಿಣವನ್ನು ಮುಟ್ಟಿ ನೋಡಿದ್ದು.