‘ಸ್ಕಾಟರ ಅರಸ’ ಎಂಬ ಬಿರುದನ್ನು ಕನ್ನಡಕ್ಕೆ ತರುವ ಬಗೆ

ಧಾರವಾಡದಲ್ಲಿ ಇತಿಹಾಸದ ಅನುವಾದಗಳನ್ನು ತಿದ್ದಲು ಕುಳಿತಾಗ ‘ಸ್ಕಾಟ್ಸ್‌ನ ರಾಣಿ ಮೇರಿ’ ಎಂಬ ಪ್ರಯೋಗ ನನಗೆ ಮೇಲಿಂದ ಮೇಲೆ ಎದುರಾಗುತ್ತದೆ. ‘ಗದಗಿನ’, ‘ಹಾವೇರಿಯ’ ಎಂದಂತೆ ಇಲ್ಲಿ ‘ಸ್ಕಾಟ್ಸ್’ ಒಂದು ಊರಾಗಿಬಿಟ್ಟಿದೆ. ಆ ಪದ ಸ್ಕಾಟ್ಲೆಂಡಿನ ಜನರನ್ನು ಹೇಳುವ ಬಹುವಚನವಾದ್ದರಿಂದ ಮೊದಲು ವಿಭಕ್ತಿಯನ್ನು ತಿದ್ದಿ ‘ಸ್ಕಾಟರ ರಾಣಿ’ ಎಂದು ಬರೆಯಬೇಕು. ಲ್ಯಾಟಿನ್ನಿನ ‘ರೆಕ್ಸ್ ಸ್ಕಾಟೋರಂ’ (ಸ್ಕಾಟರ ಅರಸ) ಎಂಬಲ್ಲಿ ‘ಓರಂ’ ಎಂಬುದು ಷಷ್ಠೀ ಬಹುವಚನದ ಪ್ರತ್ಯಯ. ಸ್ಕಾಟ್ಸ್ ಎಂದೇ ಕರೆಯುವ ಅವರ ಹಳೆಯ ನುಡಿಯ ‘ಕಿಂಗ್ ಆಫ್ ಸ್ಕಾಟಿಸ್’ ಎಂಬಲ್ಲಿಯೂ ಕೊನೆಯ ‘ಇಸ್’ ಬಹುವಚನವನ್ನೇ ಸೂಚಿಸುತ್ತದೆ.

ನಮ್ಮವರು ಇಲ್ಲಿ ಎಡವುವುದು ಸಹಜವೇ. ಹಾನಗಲ್ಲಿನಿಂದ ಆಳಿದ ಕದಂಬರು ಶಾಸನಗಳಲ್ಲಿ ‘ಬನವಾಸಿಪುರವರಾಧೀಶ್ವರ’ ಎನಿಸಿಕೊಂಡರು. ಬಿರುದಿನಲ್ಲಿ ಊರನ್ನೋ ನಾಡನ್ನೋ ಹುಡುಕುವುದು ನಮ್ಮ ಕಿವಿಗೆ ರೂಢಿಯಾಗಿದೆ. ಸ್ಕಾಟರ ಬಿರುದಿನಲ್ಲಿ ಜನರ ಹೆಸರೇ ಮುಂದಿರುವುದಕ್ಕೆ ಎಂಥ ತೂಕವಿತ್ತೆಂಬುದನ್ನು ತಿಳಿಯಲು 1320ರ ಆರ್ಬ್ರೋತ್ ಘೋಷಣೆಯನ್ನು ಓದಬೇಕು: ತಮ್ಮ ಅರಸ ರಾಬರ್ಟ್ ಬ್ರೂಸ್ ತಮ್ಮನ್ನು ಇಂಗ್ಲಿಷರಿಗೆ ಅಧೀನಗೊಳಿಸಲು ಹೊರಟರೆ ಅವನನ್ನು ಹೊರದಬ್ಬಿ, ತಮ್ಮನ್ನು ಕಾಯಬಲ್ಲ ಇನ್ನೊಬ್ಬನನ್ನು ಅರಸನನ್ನಾಗಿ ಮಾಡಿಕೊಳ್ಳುವೆವೆಂದು ಅಲ್ಲಿಯ ಶ್ರೀಮಂತರು ಪೋಪನಿಗೇ ಬರೆದರು. ಹಾಗೆಂದು ಎಲ್ಲೆಡೆಯೂ ‘ಸ್ಕಾಟರ’ ಎಂದು ತುರುಕಬಾರದು. ಮೂಲದಲ್ಲಿ ನಾಡಿನ ಹೆಸರಿದ್ದರೆ ‘ಸ್ಕಾಟ್ಲೆಂಡಿನ ಅರಸ’ ಎಂದೇ ಉಳಿಸಬೇಕು.

‘ರಾಣಿ’ ಎಂಬ ಪದಕ್ಕೂ ಒಂದು ಮಾತು ಸೇರಿಸುವುದು ಲೇಸು, ಏಕೆಂದರೆ ಕನ್ನಡದಲ್ಲಿ ಅರಸನ ಹೆಂಡತಿಯೂ ರಾಣಿಯೇ. 1542ರಲ್ಲಿ ಹುಟ್ಟಿದ ಆರನೆಯ ದಿನಕ್ಕೇ ಪಟ್ಟ ಪಡೆದ ಮೇರಿ ಸ್ವಂತ ಹಕ್ಕಿನಿಂದ ಸ್ಕಾಟರ ರಾಣಿಯಾದಳು. ಮುಂದೆ ಗಂಡನ ದೆಸೆಯಿಂದ ಕೆಲಕಾಲ ಫ್ರಾನ್ಸಿನ ರಾಣಿಯೂ ಆದಳು. ಎರಡನ್ನೂ ಬೇರೆಬೇರೆಯಾಗಿ ತಿಳಿಸಬೇಕು.

ಇನ್ನುಳಿದದ್ದು ಅಂಕಿಯ ತೊಡಕು. ಮೇರಿಯ ಮಗ ಸ್ಕಾಟರಿಗೆ ಆರನೆಯ ಜೇಮ್ಸ್. 1603ರಲ್ಲಿ ಇಂಗ್ಲೆಂಡಿನ ಪಟ್ಟವೂ ದಕ್ಕಿದಾಗ ಅಲ್ಲಿಯವರಿಗೆ ಒಂದನೆಯ ಜೇಮ್ಸ್. ಆದ್ದರಿಂದ ಯಾವ ರಾಜ್ಯದ ಸಂಗತಿಯೋ ಆ ರಾಜ್ಯದ ಅಂಕಿಯನ್ನು ಹಾಕಬೇಕು. ಎರಡಕ್ಕೂ ಸಂಬಂಧಿಸಿದ್ದರೆ ಎರಡನ್ನೂ ಬರೆಯಬೇಕು. 1707ರಲ್ಲಿ ಎರಡು ರಾಜ್ಯಗಳೂ ಒಂದಾದ ಮೇಲೂ ಈ ಜಗಳ ತೀರಲಿಲ್ಲ. ಸ್ಕಾಟ್ಲೆಂಡನ್ನು ಮೊದಲನೆಯ ಎಲಿಜಬೆತ್ ಆಳಿಯೇ ಇರದಿದ್ದುದರಿಂದ ಇಪ್ಪತ್ತನೆಯ ಶತಮಾನದಲ್ಲಿ ಪಟ್ಟಕ್ಕೆ ಬಂದ ರಾಣಿ ಎಲಿಜಬೆತ್‌ಳನ್ನು ‘ಎರಡನೆಯ’ ಎನ್ನುವುದನ್ನು ಅಲ್ಲಿ ಹಲವರು ಒಪ್ಪಲಿಲ್ಲ. ರಾಣಿಯ ಮುದ್ರೆಯಲ್ಲಿ ಆ ಅಂಕಿಯಿದ್ದ ಎಡಿನ್‌ಬರೋದ ಒಂದು ಅಂಚೆಪೆಟ್ಟಿಗೆಯನ್ನು 1953ರಲ್ಲಿ ಸಿಡಿಸಿಯೇಬಿಟ್ಟರು. ಆ ಬಳಿಕ ಅಲ್ಲಿಯ ಹೊಸ ಪೆಟ್ಟಿಗೆಗಳ ಮೇಲೆ ಅಂಕಿಯಿಲ್ಲದೆ ಸ್ಕಾಟ್ಲೆಂಡಿನ ಕಿರೀಟವೊಂದೇ ಉಳಿಯಿತು.