ಹಳೇ ಫ್ರಿಜ್ಜಿನ ಬಾಗಿಲಿಗೆ ಬಿಯರ್ ನಲ್ಲಿ

ಮನೆಯಲ್ಲಿ ಮಾಡಿದ 19 ಲೀಟರ್ ಬಿಯರನ್ನು ಬಾಟಲಿಗೆ ತುಂಬುವುದರಲ್ಲೇ ನನ್ನ ಇಡೀ ಭಾನುವಾರ ಹೋಗುತ್ತಿತ್ತು. ಐವತ್ತಕ್ಕೂ ಹೆಚ್ಚು ಬಾಟಲಿ ತೊಳೆಯಬೇಕು, ಸಕ್ಕರೆ ಅಳೆದು ಹಾಕಬೇಕು, ಒಂದೊಂದಕ್ಕೂ ಮುಚ್ಚಳ ಒತ್ತಬೇಕು. ಮೂಲೆಯಲ್ಲಿ ನಿಂತಿದ್ದ ಹಳೇ ಸಿಂಗಲ್ ಡೋರ್ ಫ್ರಿಜ್ಜಿಗೆ ಕೆಗ್ (ಬಿಯರ್ ತುಂಬಿಡುವ ಸ್ಟೀಲ್ ಪಾತ್ರೆ) ಕೂರಿಸೋಣ ಅಂತ ಹೊರಟಿದ್ದು ಅದಕ್ಕೇ.

ಕೆಗ್ ಕೊಳ್ಳುವ ಮೊದಲು ಅದೇ ಅಳತೆಗೆ, ಅಂದರೆ ಸುಮಾರು 63 ಸೆಂ.ಮೀ. ಎತ್ತರ, 22 ಸೆಂ.ಮೀ. ಅಗಲಕ್ಕೆ, ರಟ್ಟನ್ನು ಸುತ್ತಿ ಒಳಗಿಟ್ಟು ನೋಡಿದೆ. ಬಾಗಿಲು ಮುಚ್ಚಲಿಲ್ಲ. ಬಾಗಿಲ ಒಳಗಿನ ಬಾಟಲಿ ತಟ್ಟೆಗಳು ಅಡ್ಡ ಬರುತ್ತಿದ್ದವು. ಅವನ್ನು ತೆಗೆದು ಚಪ್ಪಟೆ ಪ್ಲಾಸ್ಟಿಕ್ ಹಾಳೆ ಹಾಕಿದೆ. ಹಿಂದೆ ಕಂಪ್ರೆಸರ್ ಇರುವ ಕಡೆ ತಳ ಉಬ್ಬಿರುತ್ತದೆ; ಬಿಯರನ್ನು ಕೆಗ್‌ನಿಂದ ನಲ್ಲಿಗೆ ತಳ್ಳುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಆ ಉಬ್ಬಿನ ಮೇಲೆ ಕೂತಿತು, ಕೆಗ್ ಮುಂದೆ ನಿಂತಿತು.

ತೂತು ಕೊರೆದಿದ್ದು ಬಾಗಿಲಲ್ಲಿ ಮಾತ್ರ. ಅಕ್ಕಪಕ್ಕದ ಗೋಡೆಯೊಳಗೆ ಫ್ರಿಜ್ಜಿನ ಗ್ಯಾಸ್ ಕೊಳವೆ ಹಾದುಹೋಗಿರಬಹುದು, ಅದಕ್ಕೆ ಡ್ರಿಲ್ ತಗುಲಿದರೆ ಫ್ರಿಜ್ ಅಲ್ಲಿಗೇ ಮುಗಿಯಿತು. ಕೆಲವು ಫ್ರಿಜ್ಜುಗಳಲ್ಲಿ ಆ ಗ್ಯಾಸ್ ಹೊತ್ತಿಕೊಳ್ಳುವಂಥದ್ದು ಕೂಡ. ಪ್ಲಗ್ ಕಿತ್ತು, 22 ಮಿ.ಮೀ. ಹೋಲ್ ಸಾ (ದುಂಡಗೆ ಕೊರೆಯುವ ಗರಗಸ) ಹಾಕಿ ನಿಧಾನವಾಗಿ ಕೊರೆದು ನಲ್ಲಿ ಬಿಗಿದೆ.

ಗ್ಯಾಸ್ ಬಿಟ್ಟ ಕೂಡಲೇ ಎಲ್ಲ ಜೋಡಣೆಗಳಿಗೂ ಸೋಪಿನ ನೀರು ಹಚ್ಚಿದೆ. ರೆಗ್ಯುಲೇಟರಿನ ಹತ್ತಿರ ಸಣ್ಣ ಗುಳ್ಳೆ ಕಂಡಿತು. ಅಷ್ಟೇ ಸೋರಿಕೆ ಸಾಕು, ಸಿಲಿಂಡರ್ ಖಾಲಿಯಾಗಲು. ಈ ಗ್ಯಾಸಿಗೆ ವಾಸನೆಯಿಲ್ಲ, ಗಾಳಿಯಾಡದ ಕೋಣೆಯಲ್ಲಿ ತುಂಬಿಕೊಂಡರೆ ಉಸಿರುಗಟ್ಟಿಸುತ್ತದೆ. ಹಾಗಾಗಿ ಈ ಪರೀಕ್ಷೆಯನ್ನು ಯಾರೂ ಬಿಡಬಾರದು ಅಂತ ಒತ್ತಿ ಹೇಳುತ್ತೇನೆ.

ಇಷ್ಟೆಲ್ಲ ಆದರೂ ಮೊದಲ ವಾರ ಲೋಟದ ತುಂಬ ನೊರೆಯೇ. ಒತ್ತಡ ಜಾಸ್ತಿಯಾಯಿತು ಅಂದುಕೊಂಡು 12 ಪಿಎಸ್‌ಐಯಿಂದ (ಒತ್ತಡದ ಅಳತೆ) 5ಕ್ಕೆ ಇಳಿಸಿದೆ. ಆ ದಿನ ಚೆನ್ನಾಗಿ ಬಂತು. ಕೆಲವು ದಿನ ಕಳೆಯುವಷ್ಟರಲ್ಲಿ ಬಿಯರೇ ಸಪ್ಪೆ. ಕರಗಿದ್ದ ಗ್ಯಾಸ್ ಮೆಲ್ಲಗೆ ಮೇಲಕ್ಕೆ ಬಿಟ್ಟುಹೋಗಿತ್ತು. 4 ಡಿಗ್ರಿಯಲ್ಲಿಟ್ಟ ಬಿಯರಿಗೆ 12 ಪಿಎಸ್‌ಐ ಸರಿಯಾದ ಒತ್ತಡವೇ, ತಪ್ಪಿದ್ದು ಕೆಗ್‌ನಿಂದ ನಲ್ಲಿಗೆ ಹೋಗುವ ಪೈಪಿನಲ್ಲಿ. ನಾನು ಹಾಕಿದ್ದು ಒಂದೂವರೆ ಮೀಟರ್. ಬಿಯರ್ ಪೈಪಿನುದ್ದಕ್ಕೂ ಉಜ್ಜಿಕೊಂಡು ಬರುತ್ತಾ ಒತ್ತಡ ಕಳೆದುಕೊಳ್ಳಬೇಕು. ಪೈಪ್ ಗಿಡ್ಡವಾದರೆ ಆ ಒತ್ತಡವೆಲ್ಲ ನಲ್ಲಿಯ ಬಾಯಲ್ಲೇ ಒಮ್ಮೆಗೇ ಬಿಡುಗಡೆಯಾಗಿ ನೊರೆ ಏಳುತ್ತದೆ. ಒಳಗಿನ ಅಗಲ ಸುಮಾರು 5 ಮಿ.ಮೀ. ಇರುವ 3 ಮೀಟರ್ ಪೈಪ್ ತಂದು, ಸುರುಳಿ ಸುತ್ತಿ ಕೆಗ್ ಮೇಲಿಟ್ಟೆ. ಒತ್ತಡ ಮತ್ತೆ 12ಕ್ಕೆ ಏರಿಸಿದೆ.

ನೊರೆ ಬಹುಪಾಲು ನಿಂತಿತು, ಮೊದಲ ಲೋಟದ್ದು ಮಾತ್ರ ಉಳಿಯಿತು. ಒಳಗೆ ಮೇಲೊಂದು ಕೆಳಗೊಂದು ನೀರಿನ ಲೋಟ ಇಟ್ಟು, ರಾತ್ರಿ ಕಳೆದ ಮೇಲೆ ಥರ್ಮಾಮೀಟರ್ ಅದ್ದಿ ನೋಡಿದರೆ ಕೆಳಗೆ 3 ಡಿಗ್ರಿ, ನಲ್ಲಿಯ ಮಟ್ಟದಲ್ಲಿ 8. ಬೆಚ್ಚಗಿನ ಪೈಪಿಗೆ ಬಂದ ಬಿಯರ್ ಗ್ಯಾಸನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ತಳದಲ್ಲಿಟ್ಟು ಗಾಳಿ ಮೇಲಕ್ಕೆ ಊದಿಸಿದೆ. ಎರಡು ಲೋಟದ ಅಂತರ ಒಂದು ಡಿಗ್ರಿಗೆ ಇಳಿಯಿತು.

ನಲ್ಲಿಯನ್ನು ಅರ್ಧ ತೆರೆದರೂ ನೊರೆ ಬರುತ್ತದೆ. ಒಂದೇ ಸಲ ಪೂರ್ತಿ ಎಳೆಯಬೇಕು. ಪ್ರತಿ ಕೆಗ್ ಮುಗಿದಾಗಲೂ ಪೈಪಿಗೆ ಕ್ಲೀನರ್ ಹಾಯಿಸಿ, ನಲ್ಲಿ ಬಿಚ್ಚಿ ಬ್ರಷ್ ಹಾಕಿ ತೊಳೆಯುತ್ತೇನೆ. ಅರ್ಧ ಗಂಟೆ ಸಾಕು.