ಎನ್‌ಪಿಎಸ್ ಖಾತೆ: ನಿವೃತ್ತಿಗೆ ಮೊದಲೇ ನೋಡಿಕೊಳ್ಳಬೇಕಾದದ್ದು

2006ರ ಏಪ್ರಿಲ್ 1ರಿಂದೀಚೆ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರ ಪಿಂಚಣಿ ನಿಂತಿರುವುದು ಅವರವರ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಖಾತೆಯ ಮೇಲೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ 50,000 ರೂಪಾಯಿ ಇದ್ದರೆ ನಿಮ್ಮಿಂದ ಶೇ. 10, ಅಂದರೆ 5,000, ಸರ್ಕಾರದ್ದು ಶೇ. 14, ಅಂದರೆ 7,000.

12 ಅಂಕಿಯ ಪ್ರಾನ್, ಅಂದರೆ ನಿಮ್ಮ ಎನ್‌ಪಿಎಸ್ ಖಾತೆಯ ಕಾಯಂ ಸಂಖ್ಯೆಯಿಂದ ಲಾಗಿನ್ ಆಗಿ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಸಂಬಳದ ಚೀಟಿ ಪಕ್ಕದಲ್ಲಿಟ್ಟು ತಿಂಗಳು ತಿಂಗಳು ತಾಳೆ ನೋಡಿ. ವರ್ಗಾವಣೆಯಾದ ತಿಂಗಳುಗಳನ್ನು ಎರಡು ಸಲ ನೋಡಿ. ಕಂತು ತಪ್ಪಿದ್ದರೆ ಡಿಡಿಒಗೆ (ನಿಮ್ಮ ಕಚೇರಿಯ ಸಂಬಳದ ಬಿಲ್ಲು ಮಾಡುವ ಅಧಿಕಾರಿ) ಲಿಖಿತವಾಗಿ ಕೊಡಿ, ಬಾಯಿಮಾತು ಸಾಲದು.

ಉಡುಪಿ, ಮಂಗಳೂರಿನವರು ಎಡವುವುದು ಬ್ಯಾಂಕಿನ ವಿವರದಲ್ಲಿ. ನಮ್ಮೂರಲ್ಲೇ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿತು. ಪ್ರಾನ್‌ನಲ್ಲಿ ಇನ್ನೂ ಹಳೆಯ ಐಎಫ್‌ಎಸ್‌ಸಿ ಕೂತಿದ್ದರೆ ನಿವೃತ್ತಿಯ ಹಣ ವಾಪಸಾಗಬಹುದು. ವಿವರ ಬದಲಿಸುವ ಎಸ್2 ಫಾರ್ಮ್ ತುಂಬಿ, ಹೊಸ ಪಾಸ್‌ಬುಕ್ಕಿನ ಪ್ರತಿ ಲಗತ್ತಿಸಿ ಡಿಡಿಒ ಮೂಲಕ ಕಳಿಸಿ. ಹೆಸರಿನ ಕಥೆಯೂ ಇದೇ: ಪಾನ್‌ನಲ್ಲಿ ‘ಕೆ. ಸುರೇಶ ಶೆಟ್ಟಿ’, ಪಾಸ್‌ಬುಕ್ಕಿನಲ್ಲಿ ಬರೀ ‘ಸುರೇಶ’ ಎಂದಿದ್ದರೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ.

ಮದುವೆಗೆ ಮುಂಚೆ ಬರೆದ ನಾಮಿನಿ ಮದುವೆಯಾದ ಮೇಲೆ ಊರ್ಜಿತವಲ್ಲ, ಹೊಸದಾಗಿ ಬರೆಯಬೇಕು.

60ಕ್ಕೆ ನಿವೃತ್ತರಾದಾಗ ಖಾತೆಯಲ್ಲಿ 40 ಲಕ್ಷ ಇದ್ದರೆ 24 ಲಕ್ಷದವರೆಗೆ ಕೈಗೆ ಬರುತ್ತದೆ, ತೆರಿಗೆಯಿಲ್ಲ. ಉಳಿದ 16 ಲಕ್ಷಕ್ಕೆ ಆನ್ಯುಟಿ, ಅಂದರೆ ವಿಮಾ ಕಂಪನಿಯಿಂದ ತಿಂಗಳು ತಿಂಗಳು ಪಿಂಚಣಿ ಕೊಡುವ ಯೋಜನೆ, ಕೊಳ್ಳಲೇಬೇಕು. ತಿಂಗಳ ಮೊತ್ತ ದೊಡ್ಡದು ಕಂಡಿತೆಂದು ಆಯ್ಕೆ ಮಾಡಬೇಡಿ. ಅಸಲು ವಾಪಸಿಲ್ಲದ, ಸಂಗಾತಿಗೆ ಮುಂದುವರಿಯದ ಯೋಜನೆಯಲ್ಲೇ ಅದು ಹೆಚ್ಚಿರುವುದು.